ಎರೆ ಹೊಲದ ತವರಿನಿಂದ

ಸಾಂ ಪಿಯೆರ್, ರಿಯೂನಿಯನ್ ದ್ವೀಪ

ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ನಮಸ್ಕಾರಗಳು.

ಮಗಳು ಸಮುದ್ರ ನೋಡಲು ಹೋಗಿದ್ದಾಳೆ ಎಂದು ಅವ್ವ ಓಣಿಗೆಲ್ಲ ಹೇಳಿರುತ್ತಾಳೆ. ನಾನು ನೋಡುತ್ತಿರುವುದು ಮಾತ್ರ ಬರೀ ಕಲ್ಲು. ಹಿಂದೂ ಮಹಾಸಾಗರದಲ್ಲಿರುವ ಈ ದ್ವೀಪ ಫ್ರಾನ್ಸಿಗೆ ಸೇರಿದ್ದು. ಪ್ಯಾರಿಸ್‌ನಿಂದ ಇಡೀ ರಾತ್ರಿ ಹಾರಿ ಬಂದರೂ ಅಂಗಡಿಯಲ್ಲಿ ಅದೇ ಯೂರೊ.

ನಿನ್ನೆ ಪಿತೋಂ ದ ಲಾ ಫೂರ್ನೇಸ್ ಜ್ವಾಲಾಮುಖಿ ನೋಡಿ ಬಂದೆವು. ಎತ್ತರ 2,632 ಮೀಟರ್. ಜಗತ್ತಿನಲ್ಲಿ ಪದೇ ಪದೇ ಉಕ್ಕುವ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಸದ್ಯ ತೆಪ್ಪಗಿದೆ, ಅವ್ವ ಗಾಬರಿಯಾಗುವುದು ಬೇಡ. 2007ರಲ್ಲಿ ಉಕ್ಕಿದಾಗ ಬಾಯಿಯ ತಳ 300 ಮೀಟರ್‌ಗೂ ಹೆಚ್ಚು ಕುಸಿದು, ಲಾವಾ ರಸ್ತೆಯನ್ನು ಮುಚ್ಚಿ ಸಮುದ್ರಕ್ಕೆ ಇಳಿದಿತ್ತು. ಆ ಕಲ್ಲಿನ ಮೇಲೆ ಮೊದಲು ಹತ್ತಿಕೊಂಡದ್ದು ಬೂದು ಬಣ್ಣದ ಕಲ್ಲುಹೂವು. ಅವ್ವ ಮಸಾಲೆಗೆ ಹಾಕುವುದರ ದೂರದ ಬಳಗ.

ಅಪ್ಪ, ನಿಮಗೆ ಹೇಳಬೇಕಾದದ್ದು ಬೇರೆಯೇ ಇದೆ. ಡೋಣಿ ಹೊಳೆ ಸಾಲಿನ ನಮ್ಮ ಎರೆ ಹೊಲದ ಮೂಲ ಇಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಇದೇ ಬೆಂಕಿಯ ಮೇಲೆ ಹಾದುಹೋಗುತ್ತಿದ್ದಾಗ ಲಾವಾ ಪದರ ಪದರವಾಗಿ ಹರಿದು ದಖ್ಖನ್ ಪ್ರಸ್ಥಭೂಮಿ ಆಯಿತಂತೆ. ಆ ಕಲ್ಲು ಸವೆದು ನಮ್ಮ ಕರಿಮಣ್ಣಾಯಿತು. ಗೋಳಗುಮ್ಮಟಕ್ಕೆ ಹಾಕಿದ್ದೂ ಅದೇ ಕಲ್ಲು. ಒಲೆ ಇದ್ದಲ್ಲೇ ಉರಿಯುತ್ತಿದೆ, ಮೇಲಿನ ಹಂಚು ಬಡಗಣಕ್ಕೆ ಸರಿದಿದೆ. ಸರಿದ ಜಾಡಿನಲ್ಲೇ ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಸಾಲುಗಟ್ಟಿವೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂತೆ ಬಿರಿದು, ಹಿಂಗಾರಿನ ಜೋಳಕ್ಕೆ ತೇವ ಹಿಡಿದಿಟ್ಟುಕೊಳ್ಳುವ ನಮ್ಮ ಮಣ್ಣಿಗೆ ಇಷ್ಟು ದೂರದ ನಂಟು ಎಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಇಲ್ಲಿ ಕಬ್ಬಿನ ಗದ್ದೆಗಳು ಬಹಳ. ಅದಕ್ಕೆಂದೇ ಕರೆತಂದ ತಮಿಳು ಕೂಲಿಗಳ ವಂಶದವರು ಈಗಲೂ ಇದ್ದಾರೆ, ಗೋಪುರವಿರುವ ಗುಡಿಗಳೂ ಇವೆ. ಊಟಕ್ಕೆ ಅನ್ನ, ಬೇಳೆ, ಖಾರದ ಚಟ್ನಿ ಸಿಗುತ್ತದೆ, ರೊಟ್ಟಿಯೊಂದಿಲ್ಲ. ಅವ್ವನಿಗೆ ವೆನಿಲ್ಲಾ ಕೋಡು ಕೊಂಡಿದ್ದೇನೆ. ಅದರ ಹೂವನ್ನು ಕೈಯಿಂದಲೇ ಪರಾಗಸ್ಪರ್ಶ ಮಾಡುವ ಸುಲಭದ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ಇಲ್ಲಿನ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಹುಡುಗ. ಪಾಯಸಕ್ಕೆ ಏಲಕ್ಕಿಯೇ ಸಾಕು ಎಂದು ಅವಳು ಅದನ್ನು ಗೋಡೆಯ ಮಾಡದಲ್ಲಿಡುತ್ತಾಳೆ, ಗೊತ್ತು.

ಅಪ್ಪ, ಕೆಳಗಿನ ಹೊಲದಲ್ಲಿ ಬಾವಿ ತೋಡಿಸಿದಾಗ ಎಷ್ಟು ಅಡಿಗೆ ಕರಿಕಲ್ಲು ಸಿಕ್ಕಿತ್ತು? ಇಲ್ಲಿನ ಮಾರ್ಗದರ್ಶಿ ಕೇಳಿದರು, ನನಗೆ ನೆನಪಾಗಲಿಲ್ಲ. ಫೋನು ಮಾಡಿದಾಗ ಹೇಳಿ.

ನಿಮ್ಮ ಮಗಳು