ಮಗಳಿಗೊಂದು ಪತ್ರ: ನಾಗಪ್ಪನದು ಬರೀ ಭ್ರಮೆಯೇ?

ಡೊಂಬಿವಲಿ

ಪುಟ್ಟಿ,

ನಿನ್ನ ಪ್ರಬಂಧ ಓದಿದೆ. ಪುಣೆಗೆ ಹೋದಮೇಲೆ ನಿನ್ನ ಕನ್ನಡ ಕೆಡುತ್ತದೆ ಅಂತ ಅಪ್ಪ ಅನ್ನುತ್ತಿದ್ದರು, ಕೆಟ್ಟಿಲ್ಲ. ಆದರೆ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯ ನಾಗಪ್ಪನನ್ನು ‘ಪ್ಯಾರನಾಯ್ಡ್’, ಅಂದರೆ ಸುಮ್ಮಸುಮ್ಮನೆ ಎಲ್ಲರ ಮೇಲೂ ಗುಮಾನಿಪಡುವವನು, ಅಂತ ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ, ನನ್ನ ತಕರಾರು ಅಲ್ಲೇ.

ಅವನನ್ನು ಕೆಲಸದಿಂದ ಸಸ್ಪೆಂಡ್ ಮಾಡಿದ್ದು ಭ್ರಮೆಯಲ್ಲ. ಯಾಕೆ, ಯಾರಿಂದ ಅನ್ನುವುದು ಅವನಿಗೆ ತಿಳಿಯದು. ತಿಳಿಯದ ಕಡೆಯಲ್ಲೆಲ್ಲ ಮನಸ್ಸು ತಾನೇ ಕತೆ ಕಟ್ಟುತ್ತದೆ: ಹಳೆಯ ಭಯ, ಊರಿನ ನೆನಪು, ಸಹೋದ್ಯೋಗಿಯ ಒಂದು ನಗೆ, ಎಲ್ಲವೂ ಸಾಕ್ಷಿಯಾಗಿ ಬಂದು ನಿಲ್ಲುತ್ತವೆ. ಚಿತ್ತಾಲರು ನಮ್ಮ ಉತ್ತರ ಕನ್ನಡದ ಹನೇಹಳ್ಳಿ ಕಡೆಯವರು, ಮುಂಬಯಿಯ ಬಾಂದ್ರಾದಲ್ಲಿದ್ದು ಕೆಮಿಕಲ್ ಉದ್ಯಮದಲ್ಲೇ ದುಡಿದವರು. 1979ರ ಆ ಕಾದಂಬರಿಯ ಆಫೀಸು ಇವತ್ತಿಗೂ ಕಟ್ಟುಕತೆ ಅನ್ನಿಸುವುದಿಲ್ಲ. (ನಮ್ಮ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಲಿಸ್ಟ್ ಬರುವ ಹೊತ್ತಿಗೆ ನಾವೆಲ್ಲ ಅಷ್ಟಿಷ್ಟು ನಾಗಪ್ಪಂದಿರೇ.)

ಕೊನೆಯ ಪ್ಯಾರಾದಲ್ಲಿ ‘ಅವರವರ ಸತ್ಯ ಅವರವರಿಗೆ’ ಅಂದಿದ್ದೀಯ. ಈ ಮಾತು ಕೇಳಿದರೇ ನನಗೆ ರೇಗುತ್ತದೆ. ‘ರಾಶೋಮನ್’ ಅನ್ನುವ ಜಪಾನಿ ಸಿನಿಮಾ ನೋಡಿದ್ದೀಯಲ್ಲ, ಅದರ ಕೊಲೆಯ ಕತೆ ಅಲ್ಲಿನ ಲೇಖಕ ಅಕುತಗಾವಾ 1922ರಲ್ಲಿ ಬರೆದದ್ದು. ಹುಡುಕಿ ಓದು. ಒಬ್ಬ ಸಮುರಾಯ್, ಅಂದರೆ ಯೋಧ, ಸತ್ತಿದ್ದಾನೆ. ದರೋಡೆಕೋರ ‘ಕೊಂದದ್ದು ನಾನು’ ಅನ್ನುತ್ತಾನೆ. ಸತ್ತವನ ಹೆಂಡತಿ ‘ನಾನು’ ಅನ್ನುತ್ತಾಳೆ. ಸತ್ತ ಸಮುರಾಯ್ ಪ್ರೇತವಾಗಿ ಬಂದು ‘ನಾನೇ ಇರಿದುಕೊಂಡೆ’ ಅನ್ನುತ್ತಾನೆ. ಜನ ಸುಳ್ಳು ಹೇಳುವುದು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದಕ್ಕೆ. ಈ ಮೂವರು ಕೊಲೆಯನ್ನೇ ಮೈಮೇಲೆ ಎಳೆದುಕೊಳ್ಳುತ್ತಾರೆ! ಕುತ್ತಿಗೆ ಹೋದರೂ ಚಿಂತೆಯಿಲ್ಲ, ತಮ್ಮ ಕಣ್ಣಿನಲ್ಲಿ ತಾವು ಸಣ್ಣವರಾಗಬಾರದು. ದರೋಡೆಕೋರನಂತೂ ಎದುರಾಳಿ ಬಿದ್ದದ್ದು ಕತ್ತಿಯ 23ನೇ ಪೆಟ್ಟಿಗೆ ಅಂತ ಲೆಕ್ಕ ಕೊಡುತ್ತಾನೆ. ಎಣಿಸಿಟ್ಟಿದ್ದಾನೆ ನೋಡು, ತಾನೆಂಥ ಶೂರ ಅಂತ ತೋರಿಸಲು.

ಇಷ್ಟಾದರೂ ಬಿದಿರುಮೆಳೆಯಲ್ಲಿ ಬಿದ್ದ ಹೆಣ ಒಂದೇ. ಸತ್ಯ ಮೂರಾಗಲಿಲ್ಲ ಪುಟ್ಟಿ. ಮೂವರೂ ಕಾಪಾಡಿಕೊಳ್ಳಲು ಹೊರಟ ‘ನಾನು’ ಬೇರೆ ಬೇರೆ.

ಅಲ್ಲಿ ಮೂರು ಸಾಕ್ಷಿ, ಇಲ್ಲಿ ನಾಗಪ್ಪನ ತಲೆಯೊಂದೇ. ಉಳಿದವರೆಲ್ಲ ನಮಗೆ ಕಾಣುವುದು ಅವನ ಗುಮಾನಿಯ ಒಳಗಿಂದ. ಹಾಗಾಗಿ ಅವನ ಗುಮಾನಿ ಸರಿಯೋ ತಪ್ಪೋ ಅಂತ ತೀರ್ಪು ಕೊಡುವ ಮೊದಲು, ಆ ಗುಮಾನಿ ಅವನಿಗೆ ಯಾಕೆ ಬೇಕಾಯಿತು, ಅದಿಲ್ಲದಿದ್ದರೆ ತನ್ನ ಬಗ್ಗೆ ಏನನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು ಅಂತ ಕೇಳಿಕೊಂಡು ಇನ್ನೊಮ್ಮೆ ಓದು. ಬೇಟೆಗಾರ ಯಾರು, ಬೇಟೆ ಯಾರು ಅನ್ನುವುದು ಆಗ ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ.

ಅಪ್ಪ ಇದನ್ನು ಒಪ್ಪುವುದಿಲ್ಲ. ‘ಆ ನಾಗಪ್ಪ ಪುಕ್ಕಲ, ಅಷ್ಟೇ’ ಅನ್ನುತ್ತಾರೆ. ಭಾನುವಾರ ಫೋನಿನಲ್ಲಿ ಅವರ ಜೊತೆ ನೀನೇ ಜಗಳಾಡು. ಕೊನೆಯ ಪ್ಯಾರಾ ತಿದ್ದದೆ ಮಾತ್ರ ಕಾಲೇಜಿಗೆ ಕೊಡಬೇಡ.

ನಿನ್ನ,
ಆಯಿ