ಎಲ್ಲಕ್ಕೂ ಒಂದೇ ಕೀಲಿ

ಉಡುಪಿ, ಆಟಿ ತಿಂಗಳು

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ನಾಲ್ಕು ದಿನವಾಯಿತು. ಕೊನೆಯಲ್ಲಿ ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ನೀನು ಕೆಲಸ ಮಾಡುವಲ್ಲಿ, ತೋಟದ ತೇವ ಅಳೆದು ಪಂಪಿಗೆ ತಿಳಿಸುವ ಆ ಸೆನ್ಸರ್‌ಗಳಿಗೆಲ್ಲ ಸುದ್ದಿಗೆ ಬೀಗ ಹಾಕುವ ಒಂದೇ ಗುಪ್ತ ಸಂಖ್ಯೆ, ಅಂದರೆ ಕೀಲಿ, ತುಂಬಿ ಕಳುಹಿಸುತ್ತಾರೆ, ‘ಹೇಳಿದರೆ ಎಲ್ಲರಿಗೂ ಕೋಪ, ಸುಮ್ಮನಿರಲೇ ಮಾವ?’ ಎಂದು ಕೇಳಿದ್ದೀಯಲ್ಲ.

ಕಳೆದ ಅಷ್ಟಮಿಗೆ ಬಂದಾಗ ಜಗಲಿಯಲ್ಲಿ ಕುಳಿತು ನೀನೇ ವಿವರಿಸಿದ್ದೆ. ನಾಣ್ಯದಷ್ಟು ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬಾಳಬೇಕಾದ ಯಂತ್ರ ಹೆಚ್ಚು ಹೊತ್ತು ನಿದ್ರಿಸುತ್ತಲೇ ಇರಬೇಕು. ಅಂಥವಕ್ಕೆ ಹೊರೆಯಾಗದ ಗೂಢಲಿಪಿಯೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2023ರಲ್ಲಿ ಆಸ್ಕಾನ್ ಅನ್ನು ಆರಿಸಿತು ಎಂದಿದ್ದೆ. ಬೀಗ ಎಷ್ಟು ಗಟ್ಟಿಯಾದರೇನು ಮಗಳೇ, ಒಂದನ್ನು ಬಿಚ್ಚಿ ಕೀಲಿ ಓದಿದವನಿಗೆ ಕಾರ್ಕಳದಿಂದ ಕುಂದಾಪುರದವರೆಗಿನ ತೋಟಗಳೆಲ್ಲ ತೆರೆದಂತೆಯೇ. ನಡುಬೇಸಿಗೆಯಲ್ಲಿ ‘ಮಣ್ಣು ಒದ್ದೆಯಿದೆ’ ಎಂದು ಸುಳ್ಳು ಸುದ್ದಿ ಹೋದರೆ ಅಡಿಕೆ ಮರದ ಗತಿಯೇನು?

ಒಂದೊಂದು ಯಂತ್ರಕ್ಕೂ ಬೇರೆ ಕೀಲಿ ಕೊಟ್ಟರೆ ಬ್ಯಾಟರಿ ತಡೆಯುವುದಿಲ್ಲ ಎನ್ನುತ್ತಾರಂತೆ. ಕೀಲಿ ಬೇರೆಯಾದರೂ ಪ್ರತಿ ಯಂತ್ರ ಹೊರುವುದು ಅದೇ 128 ಬಿಟ್, ಅಂದರೆ 16 ಬೈಟ್ ಅಲ್ಲವೇ? ತಾಪತ್ರಯ ಇರುವುದು ಕಾರ್ಖಾನೆಯಲ್ಲಿ, ಒಂದೊಂದಕ್ಕೂ ಬೇರೆ ಕೀಲಿ ತುಂಬಿ ಲೆಕ್ಕ ಇಡುವುದರಲ್ಲಿ.

ನಾನು ಗುಮಾಸ್ತನಾಗಿದ್ದ ಸಂಘದ ತಿಜೋರಿಗೆ ಎರಡು ಕೀಲಿ. ಮ್ಯಾನೇಜರರ ಬಳಿ ಒಂದು, ಕ್ಯಾಷಿಯರರ ಬಳಿ ಇನ್ನೊಂದು ಇರಬೇಕೆಂದು ನಿಯಮ. ಎರಡೂ ಒಂದೇ ಮೇಜಿನ ಖಾನೆಯಲ್ಲಿರುತ್ತಿದ್ದವು. ದಿನವೂ ನೋಡುತ್ತಿದ್ದೆ. ಕೆಲಸ ಕಾಯಂ ಆಗಿರಲಿಲ್ಲ, ಬಾಯಿ ಬಿಡಲಿಲ್ಲ. ಒಂದು ಸೋಮವಾರ ತಿಜೋರಿ ಬರಿದಾಗಿತ್ತು. ಬಾಗಿಲು ತೆರೆಯುತ್ತಿದ್ದ ಜವಾನನ ಮೇಲೆ ಅಪವಾದ ಬಂತು, ಅವನ ಕೆಲಸ ಹೋಯಿತು. ಆಗಲೂ ಖಾನೆಯ ವಿಷಯ ನಾನು ಹೇಳಲಿಲ್ಲ. ಅವನ ಮನೆ ಕಡಿಯಾಳಿಯಲ್ಲಿ. ಅಲ್ಲಿಯ ದೇವಸ್ಥಾನಕ್ಕೆ ಇಂದಿಗೂ ಸುತ್ತುದಾರಿಯಲ್ಲಿ ಹೋಗುತ್ತೇನೆ. ನಿನ್ನ ಅತ್ತೆಗೂ ಇದು ತಿಳಿಯದು.

ಸುಮ್ಮನಿರಲೇ ಎಂದು ನನ್ನನ್ನೇ ಕೇಳಿದೆಯಲ್ಲ!

ನಿನಗೆ ದಾರಿ ತೋರಿಸುವಷ್ಟು ವಿದ್ಯೆ ನನಗಿಲ್ಲ. ಮೊದಲು ನಿನ್ನ ಮಾರ್ಗದರ್ಶಕರಿಗೆ ತಿಳಿಸಬಹುದೇನೋ, ಬಾಯಿಮಾತಿನಲ್ಲಿ ಬೇಡ, ತಾರೀಕು ಹಾಕಿ ಬರೆದು ಕೊಡು. ಅದರ ಒಂದು ಪ್ರತಿ ನಿನ್ನ ಬಳಿ ಇರಲಿ. ತಪ್ಪು ತಿಳಿಯಬೇಡ, ಗುಮಾಸ್ತನ ಬುದ್ಧಿ ಇಷ್ಟೇ. ಆದರೆ ತಡಮಾಡಬೇಡ, ಯಂತ್ರಗಳು ತೋಟ ಸೇರಿದ ಮೇಲೆ ಒಂದೊಂದನ್ನೂ ಹುಡುಕಿ ಕೀಲಿ ಬದಲಿಸುವವರಾರು? ಅಲ್ಲಿ ಇರಲಾಗದಿದ್ದರೆ ಇಲ್ಲಿ ಮಾಳಿಗೆಯ ಕೋಣೆ ಖಾಲಿಯಿದೆ.

ಭಾನುವಾರ ಫೋನ್ ಮಾಡು. ಹೇಳಿದೆಯೋ ಇಲ್ಲವೋ, ಅಷ್ಟು ತಿಳಿಸಿದರೆ ಸಾಕು.

ನಿನ್ನ ಮಾವ