ಬರಬೇಡಿ ಅಂದರೆ ಬಂದೇ ಬರುತ್ತಾರೆ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಬಾಹ್ಯಾಕಾಶ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. 'ಏಲಿಯನ್' ಚಿತ್ರದ ಹಡಗಿನವರು ಎಚ್ಚರಿಕೆ ಸಿಗ್ನಲ್ ಬಂದಮೇಲೂ ಹೋಗಿ ಇಳಿದ ದಡ್ಡರು ಅಂತ ಬರೆದಿದ್ದಾರೆ. ಪಾಪ, ಅವರದೇನು ತಪ್ಪು?

1979ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ ಚಿತ್ರ ಅದು. ಅದಿರು ಎಳೆದುಕೊಂಡು ಭೂಮಿಗೆ ವಾಪಸ್ ಬರುತ್ತಿರುವ ನಾಸ್ಟ್ರೋಮೊ ಅನ್ನೋ ಬಾಹ್ಯಾಕಾಶ ಹಡಗು. ಏಳು ಜನ, ಜೊತೆಗೊಂದು ಬೆಕ್ಕು. ಎಲ್ಲರೂ ಮಲಗಿದ್ದಾಗ ಕಂಪ್ಯೂಟರ್ ಅರ್ಧ ದಾರಿಯಲ್ಲೇ ಎಬ್ಬಿಸುತ್ತದೆ. ಯಾವುದೋ ಹಾಳು ಜಾಗದಿಂದ 12 ಸೆಕೆಂಡಿಗೊಮ್ಮೆ ಒಂದು ಸಿಗ್ನಲ್. ಯಾರೋ ಕಷ್ಟದಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಹೋಗಿ ನೋಡದಿದ್ದರೆ ದುಡ್ಡಿನ ಪಾಲು ಪೂರ್ತಿ ಕಟ್ ಅಂತ ಕಂಪನಿಯ ಕಾಂಟ್ರಾಕ್ಟಿನಲ್ಲೇ ಇದೆ, ಇನ್ನೇನು ಮಾಡುತ್ತಾರೆ? ಮೂವರು ಹೊರಗೆ ಹೋದಮೇಲೆ ಹಡಗಿನಲ್ಲೇ ಉಳಿದ ರಿಪ್ಲಿ ಕೂತು ಅದನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾಳೆ. ನೋಡಿದರೆ ಅದು ಸಹಾಯಕ್ಕೆ ಕರೆಯೋ ಕೂಗಲ್ಲ, ಎಚ್ಚರಿಕೆ ಇದ್ದ ಹಾಗಿದೆ! ಓಡಿಹೋಗಿ ಹೇಳ್ತೀನಿ ಅಂತಾಳೆ. ನೀನು ಅಲ್ಲಿಗೆ ಮುಟ್ಟೋ ಹೊತ್ತಿಗೆ ಅವರಿಗೇ ಗೊತ್ತಾಗಿರುತ್ತೆ ಅಂತ ಜೊತೆಯವನು ಸುಮ್ಮನಾಗಿಸುತ್ತಾನೆ. ನಾಲ್ಕು ಸಲ ನೋಡಿದ್ದೇನೆ ಈ ಚಿತ್ರ. ಎದೆ ಸೀಳಿಕೊಂಡು ಹುಳ ಬರುವ ಜಾಗಕ್ಕಿಂತ ನನಗೆ ಇಲ್ಲೇ ಹೊಟ್ಟೆಯಲ್ಲಿ ಸಂಕಟ ಜಾಸ್ತಿ.

ತಪ್ಪು ಆ ಸಿಗ್ನಲ್ ಕಳಿಸೋ ಬೀಕನ್‌ದು. ಅದನ್ನು ಇಟ್ಟಿರೋದು ಅಪಾಯದ ನಟ್ಟನಡುವೆ. ದೂರದಲ್ಲಿ ಇದ್ದವನಿಗೆ ಅದರಿಂದ ಗೊತ್ತಾಗೋದು 'ಇಲ್ಲಿ ಏನೋ ಇದೆ' ಅಂತ ಅಷ್ಟೇ. ಏನೋ ಇದೆ ಅಂದಮೇಲೆ ಮನುಷ್ಯ ಸುಮ್ನೆ ಇರುತ್ತಾನಾ? ಸಂತೆಯಲ್ಲಿ ನಾಲ್ಕು ಜನ ಗುಂಪು ಕಟ್ಟಿ ನಿಂತರೆ ಸಾಕು, ನಾವೂ ಕತ್ತು ಚಾಚಿ ನೋಡ್ತೀವಿ, ಅಲ್ವಾ?

'ಸ್ಟಾರ್ ಟ್ರೆಕ್' ಟಿ.ವಿ. ಧಾರಾವಾಹಿಯವರು 1966ರಲ್ಲೇ ಇದನ್ನು ಇನ್ನೊಂದು ಥರ ತೋರಿಸಿದ್ದರು. ಬಣ್ಣ ಬದಲಿಸುತ್ತಾ ಗಿರಗಿರ ತಿರುಗೋ ಒಂದು ಪೆಟ್ಟಿಗೆ ಹಡಗಿಗೆ ಅಡ್ಡ ಬಂದು ನಿಲ್ಲುತ್ತದೆ. ಇದು ನಮ್ಮ ಗಡಿ, ಮುಂದೆ ಬರಬೇಡಿ ಅಂತ ಅದರ ಅರ್ಥ. ಜಾಗ ಸರಿಯಾಗಿದೆ, ದಾರಿಯಲ್ಲೇ ಇದೆ. ಆದರೆ ಅದಕ್ಕೆ ಬಾಯಿಲ್ಲ. ಹಿಂದೆ ಸರಿಯೋಣ ಅಂದರೆ ವಿಕಿರಣ ಉಗುಳುತ್ತಾ ಬೆನ್ನಿಗೇ ಬೀಳುತ್ತದೆ. ಕೊನೆಗೆ ಕ್ಯಾಪ್ಟನ್ ಅದನ್ನು ಸುಟ್ಟುಹಾಕುತ್ತಾನೆ, ಆಮೇಲೆ ಪೆಟ್ಟಿಗೆ ಇಟ್ಟವನು ಬಂದು ನೀವು ಅನಾಗರಿಕರು ಅಂತ ಬೈಯುತ್ತಾನೆ. ಬೋರ್ಡ್ ಬರೆಯದೆ ಬೇಲಿ ಹಾಕಿದವನು ದಾರಿಹೋಕನನ್ನು ಬೈದ ಹಾಗಾಯಿತು.

ಇದೆಲ್ಲ ಬರೀ ಸಿನಿಮಾ ತಲೆನೋವು ಅಂದುಕೊಳ್ಳಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಣ್ವಸ್ತ್ರ ತಯಾರಿಕೆಯಲ್ಲಿ ಉಳಿದ ಕಸವನ್ನು ನೆಲದಡಿ ಸುಮಾರು 650 ಮೀಟರ್ ಆಳದಲ್ಲಿ, ಉಪ್ಪಿನ ಪದರದಲ್ಲಿ ಹೂಳುತ್ತಿದ್ದಾರೆ. 10,000 ವರ್ಷದವರೆಗೆ ಯಾರೂ ಅಲ್ಲಿ ಅಗೆಯಬಾರದು. ಅಷ್ಟು ಹೊತ್ತಿಗೆ ಇಂಗ್ಲಿಷ್ ಇರುತ್ತೋ ಇಲ್ಲವೋ ಯಾರಿಗೆ ಗೊತ್ತು! 1993ರ ವರದಿಯೊಂದರಲ್ಲಿ ಪರಿಣತರು ನೆಲದಿಂದ ದೊಡ್ಡ ದೊಡ್ಡ ಕಲ್ಲಿನ ಮುಳ್ಳುಗಳು ಎದ್ದಂತೆ ಮಾಡಿದರೆ ಹೇಗೆ ಅಂತ ಚಿತ್ರ ಬರೆದು ತೋರಿಸಿದ್ದಾರೆ. ಇಲ್ಲಿ ಗೌರವದ್ದು, ಬೆಲೆಬಾಳುವಂಥದ್ದು ಏನೂ ಇಲ್ಲ ಅನ್ನೋ ಸಂದೇಶ ಮುಟ್ಟಬೇಕಂತೆ. ನಾನಂತೂ ಅಂಥ ಜಾಗ ಕಂಡರೆ ಮೊದಲು ಗುದ್ದಲಿ ಹುಡುಕುತ್ತೇನೆ. ನಿಧಿ ಇದ್ದರೂ ಹೂತವರು ಹೀಗೇ ಹೇಳುತ್ತಾರಲ್ಲ! ಅದಕ್ಕೂ ಮುಂಚೆ, 1984ರಲ್ಲಿ, ಬಾಸ್ಟಿಡ್ ಮತ್ತು ಫಾಬ್ರಿ ಎಂಬಿಬ್ಬರು ಯುರೋಪಿನಲ್ಲಿ ಇನ್ನೊಂದು ಉಪಾಯ ಹೇಳಿದ್ದರು. ವಿಕಿರಣ ತಾಗಿದರೆ ಬಣ್ಣ ಬದಲಾಗುವ ಬೆಕ್ಕು ಸಾಕಿ, ಬೆಕ್ಕಿನ ಬಣ್ಣ ಬದಲಾದರೆ ಓಡಿ ಅನ್ನೋ ಹಾಡು ಕಟ್ಟಿ, ಕತೆ ಕಟ್ಟಿ ಅಂತ. ನಗಬೇಡಿ. ಏಲಿಯನ್ ಚಿತ್ರದಲ್ಲಿ ರಿಪ್ಲಿ ಜೊತೆ ಕೊನೆಗೆ ಉಳಿಯೋದೂ ಆ ಬೆಕ್ಕೇ.

ನಿಜಕ್ಕೂ ಕೆಲಸ ಮಾಡಿದ ಎಚ್ಚರಿಕೆ ಅಂದರೆ ನನಗೆ ನೆನಪಾಗೋದು ಜಪಾನಿನ ಅನೆಯೋಶಿ. ಆ ಹಳ್ಳಿ 1896ರಲ್ಲೂ 1933ರಲ್ಲೂ ಸುನಾಮಿಗೆ ಕೊಚ್ಚಿಹೋಗಿತ್ತು. ಆಮೇಲೆ ಗುಡ್ಡದ ಮೇಲೊಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಅಂತ ಕೆತ್ತಿದರು. 2011ರ ಅಲೆ ಆ ಕಲ್ಲಿಗಿಂತ ಕೆಳಗೇ ನಿಂತಿತು, ಮನೆಗಳು ಉಳಿದವು. ನೋಡಿ, ಆ ಕಲ್ಲು ಇರೋದು ಅಪಾಯದ ಜಾಗದಲ್ಲಲ್ಲ, ಅಪಾಯ ಮುಗಿಯುವ ಗೆರೆಯ ಮೇಲೆ. ಓದುವವರ ಭಾಷೆಯಲ್ಲೇ ಇದೆ. ಮಕ್ಕಳಿಗೆ ಹೇಳಿಕೊಡೋಕೆ ಊರೂ ಉಳಿದಿತ್ತು. ನಾಸ್ಟ್ರೋಮೊದವರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ದಡ್ಡರು ಅನ್ನೋಕೆ ಮುಂಚೆ ಲೇಖಕರು ಇದನ್ನು ಯೋಚಿಸಬೇಕಿತ್ತು.

ನಮ್ಮ ತಾಯಿಯ ಊರಿನ ಕೆರೆ ಏರಿ ಹತ್ತಿರವೂ ಒಂದು ಶಾಸನದ ಕಲ್ಲಿದೆ. ಮೇಲೆ ಸೂರ್ಯ, ಚಂದ್ರ, ಹಸು, ಕರು. ನಾನು ಚಿಕ್ಕವನಿದ್ದಾಗ ಅದು ಮಗ್ಗುಲಾಗಿ ಬಿದ್ದಿತ್ತು, ಹೆಂಗಸರು ಅದರ ಮೇಲೇ ಬಟ್ಟೆ ಒಗೆಯುತ್ತಿದ್ದರು. ಹಸುವಿನ ಹೊಟ್ಟೆಯ ಹತ್ತಿರ ಒಂದು ತಗ್ಗಿತ್ತು, ನಮ್ಮಜ್ಜಿ ಸೋಪು ಇಡುತ್ತಿದ್ದುದು ಅಲ್ಲೇ. ಒಂದು ದಿನ ಮೇಷ್ಟ್ರೊಬ್ಬರು ಬಂದು ನೀರು ಚಿಮುಕಿಸಿ ಕೊನೆಯ ಸಾಲು ಓದಿ ಹೇಳಿದರು. ಇದನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪ ಬರುತ್ತದೆಯಂತೆ. ಅಜ್ಜಿ ಥಟ್ಟನೆ ಸೋಪು ತೆಗೆದುಕೊಂಡರು. ಮಾರನೇ ದಿನ ಪಕ್ಕದ ಕಲ್ಲಿನ ಮೇಲೆ ಒಗೆಯುತ್ತಿದ್ದರು.

ಇಂತಿ,
ನಿಮ್ಮ ಹಳೇ ಓದುಗ, ಅರಸೀಕೆರೆ